ಮುನಿಶಾಮಮ್ಮ ಬಿಟ್ಟ ಐದು ಷೇರು

ಸೇಲಂ ಪಟ್ಟಣಕ್ಕೆ ಕರೆಂಟು ತಂದವಳು ನಾನು. ನಗಬೇಡ ತಂಗಮ್ಮ, ಅದರಲ್ಲಿ ಅರ್ಧ ಸುಳ್ಳು ಎಂದು ನಾನೇ ಒಪ್ಪಿಕೊಳ್ಳುತ್ತೇನೆ. ಕಂಬ ನೆಟ್ಟವರು ಬೇರೆ, ತಂತಿ ಎಳೆದವರು ಬೇರೆ. ಆದರೆ ಕಂಪನಿಯಲ್ಲಿ ನನಗೆ ಹತ್ತು ಷೇರು ಇದ್ದದ್ದು ನಿಜ. ಹತ್ತು ಷೇರಿಗೆ ಒಂದು ಕಂಬವಾದರೂ ಬರಬೇಕು ಎಂದು ನಾನೇ ಲೆಕ್ಕ ಹಾಕಿ, ಬೀದಿ ಮೂಲೆಯ ಕಂಬ ನನ್ನದು ಎಂದು ಸಾರಿಕೊಂಡು ತಿರುಗುತ್ತಿದ್ದೆ. ನಾಯಿ ಅದರ ಬಳಿ ಕಾಲೆತ್ತಿದರೆ ಕಲ್ಲು ಬೀಸುತ್ತಿದ್ದೆ.

ನೀನು ಪಾಪಿರೆಡ್ಡಿಪಟ್ಟಿಯಿಂದ ಬಸ್ಸು ಹತ್ತಿ ಬಂದದ್ದು ಕಂಬ ನೋಡುವುದಕ್ಕಲ್ಲ, ಗೊತ್ತು. ಪಕ್ಕದ ಮನೆಯ ಮಾದೇಶನಿಗೆ ಮಗಳನ್ನು ಕೊಡುವ ಮನಸ್ಸಾಗಿದೆ. ಆ ಮನೆಯ ಹೊಸ್ತಿಲು ತುಳಿಯುವ ಮೊದಲು, ಹುಡುಗನ ತಾಯಿ ಎಂಥವಳು ಎಂದು ನನ್ನ ಹತ್ತಿರ ವಿಚಾರಿಸುತ್ತಿದ್ದೀಯ. ಮುನಿಶಾಮಮ್ಮ ನನ್ನ ಓರಗಿತ್ತಿ. ಒಳ್ಳೆಯವಳು ಎಂದರೆ ಸಂಬಂಧಿಕಳು ಹೊಗಳುತ್ತಾಳೆ ಎನ್ನುತ್ತೀಯ. ಕೆಟ್ಟವಳು ಎಂದರೆ ಓರಗಿತ್ತಿಯ ಹೊಟ್ಟೆಕಿಚ್ಚು ಎನ್ನುತ್ತೀಯ. ಅದಕ್ಕೆ ನಾನು ಕೆಟ್ಟವಳಾದ ಒಂದು ಸಂಗತಿ ಹೇಳುತ್ತೇನೆ. ತನ್ನ ಮೇಲೆ ತಾನೇ ಸುಳ್ಳು ಕಟ್ಟುವವರು ಯಾರೂ ಇಲ್ಲ. ಇದನ್ನಾದರೂ ನಂಬಬಹುದು.

ಕರೆಂಟು ಕಂಪನಿ ಶುರುವಾದಾಗ ನಮ್ಮ ನೇಕಾರರ ಬೀದಿಯಲ್ಲಿ ಷೇರು ಕೊಳ್ಳುವ ಗಂಡಸೇ ಇರಲಿಲ್ಲ. ಮನೆಯ ಮೇಲೆ ತಂತಿಯಲ್ಲಿ ಬೆಂಕಿ ಓಡಿಸುತ್ತಾರಂತೆ ಎಂದು ಜನಕ್ಕೆ ಹೆದರಿಕೆ. ಕಂಪನಿಯ ಕಡೆಯವರಿಗೆ ಯಾರು ಬುದ್ಧಿ ಹೇಳಿಕೊಟ್ಟರೋ, ತಟ್ಟೆಯಲ್ಲಿ ಎಲೆ ಅಡಿಕೆ ಬಾಳೆಹಣ್ಣು ಇಟ್ಟುಕೊಂಡು ಮದುವೆಗೆ ಕರೆಯುವವರ ಹಾಗೆ ಮನೆಗೆ ಬಂದರು. ನಮ್ಮ ಬೀದಿಯಲ್ಲಿ ಮೊದಲ ಕರೆಗೆ ಎದ್ದು ಹೋಗುವ ಪದ್ಧತಿಯಿಲ್ಲ. ಹೋದರೆ ಊಟ ಕಾಣದವರು ಎಂದು ಆಡಿಕೊಳ್ಳುತ್ತಾರೆ. ನಮ್ಮ ಯಜಮಾನರು ಮೊದಲ ಸಲ ನೋಡೋಣ ಎಂದರು. ಎರಡನೇ ಸಲ ತಮ್ಮನನ್ನು ಕೇಳಬೇಕು ಎಂದರು. ಮೂರನೇ ಸಲ ಬಂದಾಗ ತಟ್ಟೆಯ ಎಲೆ ಎತ್ತಿಕೊಂಡು, ತಮಗೆ ಹತ್ತು ಷೇರು, ತಮ್ಮ ಮಾರಿಯಪ್ಪನಿಗೆ ಹತ್ತು ಷೇರು ಬರೆಸಿದರು. ಒಂದಕ್ಕೆ ಹತ್ತು ರೂಪಾಯಿ. ಬೀದಿಯಲ್ಲಿ ಷೇರು ಇದ್ದ ಮನೆ ಎರಡೇ.

ಆಮೇಲೆ ಅಣ್ಣ ತಮ್ಮ ಇಬ್ಬರೂ ಒಂದೇ ವರ್ಷ ಹೋದರು. ಷೇರು ನಮ್ಮಿಬ್ಬರು ಮುಂಡೆಯರ ಹೆಸರಿಗೆ ಬಂದವು. ವರ್ಷಕ್ಕೊಮ್ಮೆ ಲಾಭದ ಕಾಗದ ಬರುತ್ತಿತ್ತು. ನನಗೆ ಮಕ್ಕಳಿಲ್ಲ, ಹೊಟ್ಟೆಗೆ ಕೊರತೆಯೂ ಇರಲಿಲ್ಲ. ಮುನಿಶಾಮಮ್ಮನಿಗೆ ಮಾದೇಶ ಒಬ್ಬ. ಅವನು ಇನ್ನೊಬ್ಬರ ಮನೆಯ ಮಗ್ಗದಲ್ಲಿ ಕೂಲಿಗೆ ಕೂತು ನೇಯುತ್ತಿದ್ದ. ಮಗನ ಮದುವೆಗೆ ಮೊದಲು ಸ್ವಂತ ಮಗ್ಗ ಹಾಕಿಸಬೇಕು ಎಂಬುದೊಂದೇ ಅವಳ ಆಸೆ. ಮಗ್ಗಕ್ಕೂ ಮೊದಲ ಹಾಸಿನ ನೂಲಿಗೂ ಎಂಬತ್ತು ರೂಪಾಯಿ ಬೇಕು. ಊರವರ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿ ಸುತ್ತಿ, ಬೆರಳು ನೂಲಿನಷ್ಟು ಸಣ್ಣಗಾಗುವವರೆಗೆ ಸುತ್ತಿ, ಐವತ್ತು ಕೂಡಿಟ್ಟಿದ್ದಳು. ಹಳೆಯ ಷೇರು ಮಾರಿದ್ದರೆ ಆಗುತ್ತಿತ್ತು. ಅದು ಗಂಡ ಕೈಯಾರೆ ಬರೆಸಿದ್ದು, ಅದನ್ನು ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದಳು.

ಎರಡು ವರ್ಷದ ಹಿಂದೆ, ಮೇಟೂರು ಅಣೆಕಟ್ಟಿನಿಂದ ಕರೆಂಟು ತರುವ ಕೆಲಸಕ್ಕೆ ಕಂಪನಿಗೆ ಇನ್ನಷ್ಟು ದುಡ್ಡು ಬೇಕಾಯಿತು. ಇಬ್ಬರಿಗೂ ಒಂದೇ ಥರದ ಕಾಗದ ಬಂತು. ನೂಲಂಗಡಿಯ ಗುಮಾಸ್ತ ವೆಂಕಟಾಚಲಂ ನನ್ನ ಮನೆ ಮುಂದಿನ ಜಗಲಿಯ ತಿಣ್ಣೆಯ ಮೇಲೆ ಕೂತು ಓದಿ ಹೇಳಿದ. ಹೊಸ ಷೇರು ಮಾಡುತ್ತಾರಂತೆ. ಹೊರಗಿನವರಿಗಿಂತ ಮೊದಲು ಹಳೆಯ ಷೇರುದಾರರಿಗೇ ಕೊಡುತ್ತಾರಂತೆ. ಎರಡಿದ್ದವರಿಗೆ ಒಂದು, ಅಂದರೆ ನಮಗೆ ತಲಾ ಐದು, ಅದೇ ಹಳೆಯ ಹತ್ತು ರೂಪಾಯಿಗೆ. ಶೇವಾಪೇಟೆಯ ಸಾಹುಕಾರರು ಈಗ ಒಂದಕ್ಕೆ ಹದಿನಾರು ಕೊಟ್ಟು ಕೊಳ್ಳುತ್ತಿದ್ದಾರೆ, ಬಿಡಬೇಡಿ ಎಂದ. ಮೂವತ್ತನೇ ತಾರೀಕು ಕಡೇ ದಿನ ಎಂದ.

ಮುನಿಶಾಮಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು. ಐವತ್ತು ಕಟ್ಟಿದರೆ ಐದು ಷೇರು. ಆ ಐದನ್ನು ಮಾರಿದರೆ ಎಂಬತ್ತು. ಅವಳ ಮುಖದಲ್ಲಿ ಮಗ್ಗ ಆಗಲೇ ಆಡುತ್ತಿತ್ತು. ಆದರೂ ನನ್ನ ಕಡೆ ತಿರುಗಿ ಕೇಳಿದಳು.

"ಏನಕ್ಕ ಮಾಡಾನ?"

ಅವಳು ಹಾಗೆ ಕೇಳಬಾರದಾಗಿತ್ತು. ನನ್ನನ್ನು ಯಾರಾದರೂ ಬುದ್ಧಿ ಕೇಳಿದರೆ ನನಗೆ ಮೈಮೇಲೆ ದೇವರು ಬಂದ ಹಾಗೆ ಆಗುತ್ತದೆ.

"ಸುಮ್ಕಿರು. ಅಂಚೆಯೋನ ಕೈಲಿ ಕರೆ ಕಳಿಸಿದ್ರೆ ಓಗೋಕೆ ನಾವೇನು ಗತಿ ಕೆಟ್ಟವ್ರಾ? ತಟ್ಟೆ ಇಡ್ಕಂಡು ಬರ್ಲಿ. ಮೂರು ಸಲ ಬರ್ತಾರೆ, ನೋಡ್ತಾ ಇರು."

ತಾರೀಕು ಇದೆ ಎಂದು ವೆಂಕಟಾಚಲಂ ಗೊಣಗಿದ. ಮದುವೆಗೂ ಮುಹೂರ್ತ ಇರುತ್ತದೆ, ಅದಕ್ಕೆ ಹೆಣ್ಣನ್ನು ಬಿಟ್ಟು ಹೋಗುತ್ತಾರೇನೋ ಎಂದು ಅವನನ್ನು ಹಂಗಿಸಿದೆ. ಬೀದಿಯ ಹೆಂಗಸರೆಲ್ಲ ನಕ್ಕರು. ಮುನಿಶಾಮಮ್ಮನೂ ನಕ್ಕಳು. ನಮ್ಮಕ್ಕನಿಗೆ ಕಂಪನಿಯವರ ರೀತಿ ಗೊತ್ತು ಎಂದು ಬಾವಿಕಟ್ಟೆಯಲ್ಲಿ ಸಾರಿದಳು.

ದಿನಗಳು ಹೋದವು, ಯಾರೂ ಬರಲಿಲ್ಲ. ನನಗೆ ಒಳಗೊಳಗೇ ಇರುಸುಮುರುಸು. ಇಪ್ಪತ್ತೆಂಟನೇ ತಾರೀಕು ಯಾರಿಗೂ ಹೇಳದೆ ಕಂಪನಿ ಆಫೀಸಿಗೆ ಹೋದೆ. ಬೇಗ ತಟ್ಟೆ ತನ್ನಿರಪ್ಪ, ನಮ್ಮ ಬೀದಿಯನ್ನು ನಾನು ಒಪ್ಪಿಸುತ್ತೇನೆ ಎಂದು ಹೇಳುವುದು ನನ್ನ ಎಣಿಕೆ. ಅಲ್ಲಿ ತಲೆಯ ಮೇಲೆ ಫ್ಯಾನು ಸುತ್ತುತ್ತಿತ್ತು. ಸುಬ್ಬರಾಯನ್ ಎಂಬ ಗುಮಾಸ್ತ ಕೂತಿದ್ದ, ಇರುವೆ ಸಾಲಿನಂಥ ಮೀಸೆ. ನಾನು ಯಾರೆಂದು ಅವನಿಗೆ ಗೊತ್ತೇ ಇರಲಿಲ್ಲ. ನನ್ನ ಮಾತು ಪೂರ್ತಿ ಕೇಳಿದ, ನಗಲಿಲ್ಲ, ಅದು ಅವನ ದೊಡ್ಡತನ. ಯಾರೂ ಯಾರ ಮನೆಗೂ ಬರುವುದಿಲ್ಲ ಎಂದ.

"ಪಾಟಿ, ನಾಳನ್ನಿಕ್ಕು ನಾಲು ಮಣಿ. ಅದುಕ್ಕು ಮೇಲೆ ಒಣ್ಣುಂ ಕಿಡೆಯಾದು."

ನಾಡಿದ್ದು ನಾಲ್ಕು ಗಂಟೆ, ಆಮೇಲೆ ಏನೂ ಸಿಗುವುದಿಲ್ಲ. ಅಷ್ಟೇ.

ನನ್ನ ಹತ್ತಿರ ಸಂಚಿಯಲ್ಲಿ ದುಡ್ಡಿತ್ತು. ಕೊಟ್ಟೆ, ಹೆಬ್ಬೆಟ್ಟು ಒತ್ತಿದೆ, ನನ್ನ ಐದು ಷೇರು ಬರೆಸಿದೆ. ಆಗ ಅವನು ಇನ್ನೊಂದು ಕೇಳಿದ. ಕೆಲವರು ತಮ್ಮ ಪಾಲು ಬಿಡುತ್ತಾರೆ, ಅಂಥದ್ದು ಉಳಿದರೆ ಬೇಕೇ, ಷೇರು ಸಿಕ್ಕಿದ ಮೇಲೆ ದುಡ್ಡು ಕಟ್ಟಿದರಾಯಿತು ಎಂದ. ಪಕ್ಕದಲ್ಲಿ ಶೇವಾಪೇಟೆಯ ಇಬ್ಬರು ಸಾಹುಕಾರರು ನಿಂತಿದ್ದರು. ಅವರ ಮುಂದೆ ಬೇಡ ಎನ್ನಲು ನನ್ನ ಬಾಯಿ ಬರಲಿಲ್ಲ. ಇನ್ನೂ ಐದು ಹಾಕು ಎಂದೆ. ಯಾರು ಬಿಡುತ್ತಾರೆ ಎಂದು ಆ ಹೊತ್ತು ಯೋಚಿಸಲಿಲ್ಲ. ದೇವರಾಣೆ ಯೋಚಿಸಲಿಲ್ಲ ತಂಗಮ್ಮ. ಅದೂ ಅರ್ಧ ಸುಳ್ಳೋ ಏನೋ, ನನಗೇ ತಿಳಿಯದು.

ದಾರಿಯುದ್ದಕ್ಕೂ ಮುನಿಶಾಮಮ್ಮನಿಗೆ ಹೇಳಬೇಕು ಎಂದುಕೊಂಡೇ ಬಂದೆ. ಅವಳು ತಿಣ್ಣೆಯ ಮೇಲೆ ಕಂಡಿಕೆ ಸುತ್ತುತ್ತಿದ್ದಳು, ಸುತ್ತ ಮೂವರು ಹೆಂಗಸರು. ನಮ್ಮಕ್ಕ ಕರೆಯದೆ ಹೋಗುವವಳಲ್ಲ, ಅವಳ ಗತ್ತು ಅಂಥದ್ದು ಎಂದು ಅವರಿಗೆ ಹೇಳುತ್ತಿದ್ದಳು. ನನ್ನನ್ನು ನೋಡಿ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಳು. ಎಲೆ ಅಡಿಕೆ ತರಲು ಎಂದೆ. ಹೇಳಬೇಕಾದ ಮಾತು ನಾಲಿಗೆಯ ಮೇಲೇ ಇತ್ತು. ಹೇಳಿದರೆ ನಾನು ಮೊದಲ ಕರೆಗೇ ಓಡಿದವಳಾಗುತ್ತಿದ್ದೆ. ನಾಲ್ಕು ಹೆಂಗಸರ ಮುಂದೆ ಸಣ್ಣವಳಾಗುವ ಅಷ್ಟು ಚಿಕ್ಕ ಭಯ. ಅಷ್ಟಕ್ಕೇ ಬಾಯಿ ಮುಚ್ಚಿದೆ.

ಮಾರನೆಯ ದಿನವೂ ಹೇಳಲಿಲ್ಲ. ಮೂವತ್ತನೇ ತಾರೀಕು ಬೆಳಿಗ್ಗೆ ಅವಳೇ ಬಂದಳು, ಸೆರಗಿನ ತುದಿಯಲ್ಲಿ ಐವತ್ತು ರೂಪಾಯಿಯ ಗಂಟು. ವೆಂಕಟಾಚಲಂ ಹೆದರಿಸುತ್ತಾನೆ, ಹೋಗಿ ಕಟ್ಟಿಬರಲೇ ಎಂದಳು. ಅಂಗಳದಲ್ಲಿ ನಾವಿಬ್ಬರೇ. ಕೇಳುವವರು ಯಾರೂ ಇರಲಿಲ್ಲ, ಅದನ್ನು ನೆನಪಿಟ್ಟುಕೋ. ಹೋಗು ಎಂಬ ಒಂದು ಮಾತು ಸಾಕಿತ್ತು. ನಾನು ಹೇಳಿದ್ದು ಬೇರೆ.

"ಓಗು ಓಗು. ಎಂಜಲೆಲೆಗೆ ಕಾಯೋರ ಅಂಗೆ ಓಗಿ ಬಾಗ್ಲಲ್ಲಿ ನಿಂತ್ಕೋ. ಮಾರಿಯಪ್ಪನ ಎಂಡ್ತಿ ಅಂತ ಮಾತ್ರ ಯೋಳ್ಬೇಡ ಅಲ್ಲಿ, ಅವ್ನ ಮಾನ ಉಳೀಲಿ."

ಗಂಡನ ಹೆಸರು ಎತ್ತಿದ ಮೇಲೆ ಅವಳು ಗಂಟನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಿಜ ಅಕ್ಕ, ನಂಗೆ ಬುದ್ಧಿ ಸಾಲದು ಎಂದು ನಕ್ಕು ಹೋದಳು. ನಾಲ್ಕು ಗಂಟೆಯವರೆಗೆ ನಾನು ಒಲೆಯ ಮುಂದೆ ಕೂತಿದ್ದೆ. ಅನ್ನ ಕರಿಯಾಗಿ ಹೊಗೆ ಬೀದಿಗೆ ಹೋದರೂ ಏಳಲಿಲ್ಲ.

ತಿಂಗಳಾದ ಮೇಲೆ ನನಗೆ ಕಾಗದ ಬಂತು. ವೆಂಕಟಾಚಲಂ ಬಂದಾಗ ಮುನಿಶಾಮಮ್ಮ ನನ್ನ ತಿಣ್ಣೆಯ ಮೇಲೇ ಇದ್ದಳು. ಆಮೇಲೆ ಓದು ಎಂದು ಕಣ್ಣು ಮಿಟುಕಿಸಿದೆ. ಆ ಬಡ್ಡಿಮಗ ಗಟ್ಟಿಯಾಗಿ ಓದಿಯೇ ಬಿಟ್ಟ. ಹಕ್ಕಿನದು ಐದು ಷೇರು ಕೊಟ್ಟಿದ್ದಾರೆ. ಬೇರೆಯವರು ಬಿಟ್ಟದ್ದರಲ್ಲಿ ಇನ್ನೈದು ಕೊಟ್ಟಿದ್ದಾರೆ, ಅದರ ಐವತ್ತನ್ನು ಹತ್ತು ದಿನದೊಳಗೆ ಕಟ್ಟಬೇಕು.

ಅವಳ ಕೈಯಲ್ಲಿ ಕಂಡಿಕೆ ನಿಂತಿತು.

"ಯಾವತ್ತು ಓಗಿದ್ದೆ ಅಕ್ಕ?"

ಇಪ್ಪತ್ತೆಂಟು ಎಂದೆ.

"ಅಂಗಾರೆ ನಾನು ಗಂಟು ತಂದ ದಿನ ನಿಂಗೆ ಗೊತ್ತಿತ್ತು."

ಬೈದಿದ್ದರೆ ಚೆನ್ನಾಗಿತ್ತು. ಬೈದರೆ ತಿರುಗಿ ಬೈಯುವುದರಲ್ಲಿ ನನ್ನನ್ನು ಗೆದ್ದವರು ಇಡೀ ಸೇಲಂ ಜಿಲ್ಲೆಯಲ್ಲಿ ಹುಟ್ಟಿಲ್ಲ. ಅವಳು ಬೈಯಲಿಲ್ಲ. ಆ ಕಂಡಿಕೆ ಪೂರ್ತಿ ಸುತ್ತಿ ಮುಗಿಸಿ, ಬುಟ್ಟಿ ಎತ್ತಿಕೊಂಡು ಎದ್ದುಹೋದಳು.

ಅವು ಅವಳು ಬಿಟ್ಟ ಷೇರುಗಳೇ ಎಂದು ಎಲ್ಲಿಯೂ ಬರೆದಿರಲಿಲ್ಲ. ಊರಲ್ಲಿ ಇನ್ನು ಯಾರೋ ಬಿಟ್ಟದ್ದಿರಬಹುದು ಎಂದು ಏಳು ದಿನ ನನಗೆ ನಾನೇ ಹೇಳಿಕೊಂಡೆ. ಅವಳು ಬಿಟ್ಟದ್ದು ಐದು, ನನಗೆ ಬಂದದ್ದು ಐದು. ಬಾವಿಕಟ್ಟೆಗೆ ಹೋಗುವುದು ಬಿಟ್ಟೆ. ಯಾರನ್ನೂ ಗೇಲಿ ಮಾಡಲಿಲ್ಲ. ಅಜ್ಜಿಗೆ ಕಾಯಿಲೆ ಎಂದು ಜನ ಗಂಜಿ ತಂದುಕೊಟ್ಟರು. ನಾಚಿಕೆಗೆ ಗಂಜಿ ಔಷಧವಲ್ಲ ಎಂದು ಯಾರಿಗೆ ಹೇಳಲಿ?

ಎಂಟನೆಯ ದಿನ ಮತ್ತೆ ಸುಬ್ಬರಾಯನ್ ಹತ್ತಿರ ಹೋದೆ. ಈ ಐದನ್ನು ನನ್ನ ಓರಗಿತ್ತಿಯ ಹೆಸರಿಗೆ ಮಾಡು ಎಂದೆ. ಅದಕ್ಕೊಂದು ಕಾಗದವಿದೆ ಎಂದು ತೆಗೆದುಕೊಟ್ಟ. ಬಿಟ್ಟುಕೊಡುವವರ ಹೆಬ್ಬೆಟ್ಟು ಒಂದು ಕಡೆ, ತೆಗೆದುಕೊಳ್ಳುವವರ ಹೆಬ್ಬೆಟ್ಟು ಇನ್ನೊಂದು ಕಡೆ. ಎರಡೂ ಬಿದ್ದು, ಐವತ್ತು ಕಟ್ಟಿದರೆ ಷೇರು ಅವಳದು. ಒಂದು ಕಡೆಯದು ಮಾತ್ರ ಇದ್ದರೆ ಕಾಗದ ಗಾಳಿಗೆ. ನನ್ನದನ್ನು ಅಲ್ಲೇ ಒತ್ತಿದೆ. ಶಾಯಿಯ ಡಬ್ಬಿಯನ್ನು ಬೇಡಿ ತಂದೆ.

ನಾಳೆಗೆ ಗಡುವು ಮುಗಿಯುತ್ತದೆ ಎಂಬ ದಿನ ಮಧ್ಯಾಹ್ನ ಅವಳ ಮನೆಗೆ ಹೋದೆ. ಮಾದೇಶ ಊಟಕ್ಕೆ ಕೂತಿದ್ದ. ನನ್ನನ್ನು ನೋಡಿದ್ದೇ ಎದ್ದು ಚಾಪೆ ಹಾಸಿದ.

"ಬಾ ದೊಡ್ಡಮ್ಮ. ಇಷ್ಟು ದಿನ ಎಲ್ಲೋಗಿದ್ದೆ? ಮಗ್ಗ ಮಾಡೋ ಆಸಾರಿ ಬಂದಿದ್ದ, ಮುಂದಿನ ವರ್ಸ ನೋಡಾನ ಅಂತ ಕಳಿಸ್ಬಿಟ್ಟೆ. ಅವ್ವ ಯಾಕೋ ಆ ಮಾತೇ ಎತ್ತಲ್ಲ, ನೀನಾರ ಕೇಳು."

ಅವಳು ಮಗನಿಗೆ ಹೇಳಿರಲಿಲ್ಲ ತಂಗಮ್ಮ. ದೊಡ್ಡಮ್ಮ ಹೀಗೆ ಮಾಡಿದಳು ಎಂದು ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೂ ಹೇಳದೆ ಮೂವತ್ತು ನಲವತ್ತು ದಿನ ನುಂಗಿಕೊಂಡಿದ್ದಳು. ಲೆಕ್ಕ ಹಾಕಿದರೆ ಎಂಟೊಂಬತ್ತು ದಿನವೇ ಇರಬೇಕು. ನನಗೆ ಮಾತ್ರ ನಲವತ್ತು. ಆ ಚಾಪೆಯ ಮೇಲೆ ಕೂರುವುದಕ್ಕೆ ನನಗೆ ಆಗಲಿಲ್ಲ. ನಿಂತೇ ಕಾಗದವನ್ನು ಅವಳ ಮುಂದೆ ನೆಲದ ಮೇಲೆ ಇಟ್ಟೆ, ಶಾಯಿ ಡಬ್ಬಿಯ ಮುಚ್ಚಳ ತೆಗೆದೆ.

"ತಪ್ಪಾಯ್ತು ಮುನಿಶಾಮಮ್ಮ. ಇದು ನಿಂದು. ನಿನ್ ಬೆರಳು ಒತ್ತು."

ಎಪ್ಪತ್ತು ವರ್ಷದಲ್ಲಿ ನಾನು ತಪ್ಪಾಯ್ತು ಎಂದದ್ದು ಅದೊಂದೇ ಸಲ. ಮಾದೇಶ ತುತ್ತು ಕೈಯಲ್ಲಿ ಹಿಡಿದು, ಯಾವ ತಪ್ಪು, ಏನು ಕಾಗದ ಎಂದು ಕೇಳಿದ. ಅವಳು ಕಾಗದ ನೋಡಿದಳು. ಮಗನ ತಟ್ಟೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಅವಳು ಬೆರಳು ಒತ್ತಿದರೆ ಮನೆಗೆ ಮಗ್ಗ ಬರುತ್ತದೆ, ಆದರೆ ನಾನು ಬಿಸಾಕಿದ್ದನ್ನು ಎತ್ತಿಕೊಂಡ ಹಾಗೆ. ಒತ್ತದಿದ್ದರೆ ನನ್ನ ತಪ್ಪು ನನ್ನ ಹತ್ತಿರವೇ ಉಳಿಯುತ್ತದೆ, ಮಗ ಕೂಲಿಯವನಾಗಿಯೇ ಉಳಿಯುತ್ತಾನೆ. ಮಗನಿಗೆ ಏನಾದರೊಂದು ಉತ್ತರವನ್ನೂ ಹೇಳಬೇಕು, ನಾನು ಎದುರಿಗೇ ನಿಂತಿದ್ದೇನೆ.

ನೀನು ನಿನ್ನ ಮಗಳನ್ನು ಕೊಡಲು ಬಂದಿರುವುದು ಆ ಹೆಂಗಸಿನ ಕೈಗೆ. ಪಕ್ಕದಲ್ಲಿ ಮಗ್ಗ ಆಡುತ್ತಿದೆಯೇ ಎಂದು ಗೋಡೆಯ ಕಡೆ ಕಿವಿ ಕೊಡಬೇಡ, ಬೀದಿಯಲ್ಲೆಲ್ಲ ಮಗ್ಗ ಬಡಿಯುತ್ತಿವೆ, ಯಾವುದು ಯಾರ ಮನೆಯದೆಂದು ನಿನಗೆ ತಿಳಿಯುವುದಿಲ್ಲ. ಮಗನಿಗೆ ಏನು ಹೇಳಿದಳು, ಆ ಬೆರಳನ್ನು ಏನು ಮಾಡಿದಳು, ನೀನೇ ಹೇಳು ನೋಡೋಣ.