ಖಾಲಿ ಕೋಣೆಗೆ ಎಂಟು ಅಂಕ

ಜುಲೈ ತಿಂಗಳ ಮೊದಲ ಭಾನುವಾರ, ಒಂದು ಚೆಂಡೂ ಉರುಳದೆ, ಒಂದು ಸೀಟಿಯೂ ಕೇಳದೆ, ನಮ್ಮ ಬ್ಯಾಲಿನ್‌ಕೊಲಿಗ್ ತಂಡ ಮೊದಲನೇ ಸ್ಥಾನದಿಂದ ಐದನೇ ಸ್ಥಾನಕ್ಕೆ ಬಿತ್ತು. ಆ ಹೊತ್ತಿನಲ್ಲಿ ನಾನು, ಆ ತಂಡದ ಕ್ಯಾಪ್ಟನ್, ದೋಸೆ ಮಗುಚುತ್ತಿದ್ದೆ.

ಐರ್ಲೆಂಡಿನ ಕನ್ನಡಿಗರ ಹಾಕಿ ಲೀಗಿನಲ್ಲಿ ಇರುವುದೇ ಆರು ತಂಡ. ಐದನೆಯದು ಎಂದರೆ ಕೊನೆಯದಲ್ಲ ಎನ್ನುವಷ್ಟೇ ಸಮಾಧಾನ. ನಿನ್ನೆಯವರೆಗೆ ಐದನೆಯದಾಗಿದ್ದ ಡಬ್ಲಿನ್ನಿನ ಕ್ಯಾಸಲ್‌ನಾಕ್ ತಂಡ ಈಗ ಮೊದಲನೆಯದು. ಜುಲೈ ಮುಗಿಯುವಾಗ ಪಟ್ಟಿಯಲ್ಲಿ ಯಾರು ಮೊದಲೋ ಸೆಪ್ಟೆಂಬರಿನ ಫೈನಲ್ ಅವರ ಊರಿನಲ್ಲಿ. ಮೂರು ವರ್ಷ ಡಬ್ಲಿನ್ನಿಗೆ ಬಸ್ಸು ಹತ್ತಿ ಹೋಗಿ, ಸೋತು, ಅದೇ ಬಸ್ಸಿನಲ್ಲಿ ಬಾಯಿ ಮುಚ್ಚಿಕೊಂಡು ವಾಪಸಾದವರು ನಾವು. ಈ ಸಲ ನಮ್ಮೂರಿನಲ್ಲೇ ಫೈನಲ್ ಎಂದು ನಾನು ಮೈದಾನ ಗೊತ್ತು ಮಾಡಿಟ್ಟಿದ್ದೆ. ನನ್ನ ಹೆಂಡತಿ ವಂದನಾ ಇನ್ನೂರು ಜನರ ಬಿಸಿಬೇಳೆಬಾತಿಗೆ ಪಾತ್ರೆ ಹುಡುಕಿಟ್ಟಿದ್ದಳು.

ಪಟ್ಟಿ ಮಾಡುವವರು ಅನಂತಕೃಷ್ಣ. ಅರವತ್ತರ ಹತ್ತಿರದವರು, ಲೀಗಿನ ಹಿರಿಯರು, ಕೋಲು ಹಿಡಿದು ಒಂದು ದಿನ ಮೈದಾನಕ್ಕೆ ಇಳಿದವರಲ್ಲ. ಅಮೆರಿಕ, ಕೆನಡಾದ ಐಸ್ ಹಾಕಿ ಅವರಿಗೆ ಹುಚ್ಚು. ಅಲ್ಲಿ ಜುಲೈ ಬಂತೆಂದರೆ ಕರಾರು ಮುಗಿದ ಆಟಗಾರರನ್ನು ತಂಡಗಳು ಕಿತ್ತಾಡಿಕೊಂಡು ಕೊಳ್ಳುತ್ತವಂತೆ; ನೀರು ಹೆಪ್ಪುಗಟ್ಟುವ ಮೊದಲೇ ಪಂಡಿತರು ಶ್ರೇಯಾಂಕವನ್ನು ತಲೆಕೆಳಗು ಮಾಡುತ್ತಾರಂತೆ. ಆ ರೋಗವನ್ನು ಅವರು ನಮ್ಮ ಹುಲ್ಲಿನ ಹಾಕಿಗೂ ಅಂಟಿಸಿದ್ದರು. ನಾನು ಫೋನ್ ಮಾಡಿದೆ.

"ಸರ್, ಇದೇನ್ ಸರ್? ಮ್ಯಾಚೇ ಆಡಿಲ್ಲ, ಸೋತೇ ಹೋದ್ವಾ?"

"ಸೋತಿಲ್ಲ, ಶ್ರೀಹರ್ಷ." ರೈಲು ನಿಲ್ದಾಣದ ಪ್ರಕಟಣೆಯಂಥ ದನಿ ಅವರದು, ಪ್ರತಿ ಪದದ ನಡುವೆ ಒಂದು ಗೂಡ್ಸ್ ಗಾಡಿ ಹಾಯಬಹುದು. "ಇಳಿದಿದ್ದೀರ. ಎರಡಕ್ಕೂ ವ್ಯತ್ಯಾಸ ಇದೆ."

"ದಯವಿಟ್ಟು, ಕಾರಣ, ತಿಳಿಸಿ," ಎಂದೆ ಅವರದೇ ದನಿಯಲ್ಲಿ. ಅವರಿಗೆ ಗೊತ್ತಾಗಲಿಲ್ಲ, ಯಾವತ್ತೂ ಗೊತ್ತಾಗುವುದಿಲ್ಲ.

"ನೆಲ್ಸನ್ ಕ್ಯಾಸಲ್‌ನಾಕ್‌ಗೆ ಸೈನ್ ಮಾಡಿದಾನಲ್ಲಪ್ಪ. ಪೆನಾಲ್ಟಿ ಕಾರ್ನರ್ ಅಂದ್ರೆ ಅವನೇ. ಅವನೊಬ್ಬನಿಗೇ ನಲವತ್ತು ಅಂಕ. ನಿಮ್ಮಿಂದ ಕಳೆದೆ, ಅವರಿಗೆ ಕೂಡಿದೆ. ಯಾಕೆ, ನಿಂಗೆ ಹೇಳ್ಲಿಲ್ವಾ ಅವನು?"

ದೋಸೆ ಸೀದು ಹೋಯಿತು.

ನನ್ನ ತಂಡದ ಆಟಗಾರ ನನ್ನನ್ನು ಬಿಟ್ಟು ಹೋದದ್ದು ನನಗೆ ತಿಳಿದದ್ದು ಒಂದು ಎಕ್ಸೆಲ್ ಹಾಳೆಯಿಂದ! ಕ್ಯಾಸಲ್‌ನಾಕ್ ಕ್ಯಾಪ್ಟನ್ ಗುರುದತ್‌ಗೆ ಫೋನ್ ಮಾಡಿದೆ. ಮೈಸೂರಿನವನು. ಐರ್ಲೆಂಡಿಗೆ ಬಂದು ಎಂಟು ವರ್ಷಕ್ಕೆ ಇಲ್ಲಿನವರು 'ಚೆನ್ನಾಗಿದೆ' ಎನ್ನಲು ಬಳಸುವ ಒಂದೇ ಒಂದು ಇಂಗ್ಲಿಷ್ ಪದವನ್ನು ಉಜ್ಜಿ ಉಜ್ಜಿ ಹೊಳಪು ತಂದುಕೊಂಡಿದ್ದಾನೆ.

"ಗ್ರ್ಯಾಂಡ್ ಗುರೂ, ಗ್ರ್ಯಾಂಡ್! ನಾನೇ ಫೋನ್ ಮಾಡೋನಿದ್ದೆ."

"ಕಳ್ಳ ನನ್ಮಗನೇ, ಏನ್ ಕೊಟ್ಟೆ ಅವನಿಗೆ?"

"ಏನೂ ಕೊಟ್ಟಿಲ್ಲಪ್ಪಾ. ನಮ್ ಪಕ್ಕದ್ ಮನೆ ಖಾಲಿ ಆಯ್ತು. ಓನರ್‌ಗೆ ಒಂದ್ ಮಾತ್ ಹೇಳ್ದೆ. ಎರಡು ಬೆಡ್‌ರೂಮು, ಹಿಂದ್ಗಡೆ ಪಾರ್ಕು. ನೆಲ್ಸನ್ ಬಾಡಿಗೆ ಕರಾರಿಗೆ ಸಹಿ ಹಾಕ್ದ, ನಾವು ಸಿಹಿ ಹಂಚಿದ್ವಿ. ರೂಲ್ ನಿಂದೇ ಅಲ್ವಾ?"

ನನ್ನದೇ. ಮನೆ ಎಲ್ಲೋ ತಂಡ ಅಲ್ಲೇ. ಇರುವ ಮನೆ ತಪ್ಪಿ ಹೊಸದು ಸಿಗುವ ತನಕ ಆಟಗಾರ ಸ್ವತಂತ್ರ, ಯಾವ ತಂಡ ಬೇಕಾದರೂ ಕರೆಯಬಹುದು. ಎರಡು ವರ್ಷದ ಹಿಂದೆ ಡಗ್ಲಸ್ ತಂಡದ ದಿಲೀಪನನ್ನು ಎಳೆದುಕೊಳ್ಳಲು ನಾನೇ ಕೂತು ಬರೆದ ನಿಯಮ. ಆಗ ಅದು ಬಹಳ ನ್ಯಾಯವಾಗಿ ಕಂಡಿತ್ತು. ಆದರೆ ಮನೆ ತೋರಿಸಿ ಆಟಗಾರನನ್ನು ಹಾರಿಸುವುದೇ? ಮನೆಯೇ ಸಿಗದ ಈ ದೇಶದಲ್ಲಿ, ಒಂದು ಮನೆ ನೋಡಲು ಅರವತ್ತು ಜನ ಸಾಲಾಗಿ ನಿಲ್ಲುವ ಈ ದೇಶದಲ್ಲಿ, ಅದು ಆಮಿಷವಲ್ಲದೆ ಮತ್ತೇನು? ಗೋಲು ಹೊಡೆಯುವವನನ್ನು ಅವನು ಕದ್ದ. ನನಗೆ ಉಳಿದದ್ದು ಗೋಳು.

ನೆಲ್ಸನ್‌ನ ಮನೆ ಹತ್ತು ನಿಮಿಷದ ನಡಿಗೆ. ದಾರಿಯುದ್ದಕ್ಕೂ ನಾನು ಅವನಿಗೆ ಹೇಳಬೇಕಾದ್ದನ್ನೂ ಅವನು ಹೇಳಬಹುದಾದ್ದನ್ನೂ ಇಬ್ಬರ ದನಿಯಲ್ಲೂ ಆಡಿಕೊಂಡು ಹೋದೆ. ಅವನ ಮಂಗಳೂರು ಕನ್ನಡ ನನಗೆ ಎಷ್ಟು ಚೆನ್ನಾಗಿ ಬಂತೆಂದರೆ, ಅವನ ಬಾಯಲ್ಲಿ ನಾನೇ ಮೂರು ಸಲ ಕ್ಷಮೆ ಕೇಳಿಸಿದೆ.

ಮನೆ ಮುಂದೆ 'ಮಾರಾಟವಾಗಿದೆ' ಎಂಬ ಹಲಗೆ. ಬಾಗಿಲು ತೆರೆದೇ ಇತ್ತು. ಆ ಮನೆಯಲ್ಲಿ ಗಂಡ ಹೆಂಡತಿಯದು ಒಂದೇ ಕೋಣೆ, ಉಳಿದ ಮೂರರಲ್ಲಿ ಬೇರೆಯವರು. ಇಬ್ಬರದೂ ಮನೆಯಿಂದಲೇ ಕೆಲಸ. ನೆಲ್ಸನ್ ಮೆಟ್ಟಿಲ ಮೇಲೆ ಕೂತು ಪೆಟ್ಟಿಗೆಗೆ ಟೇಪು ಹಚ್ಚುತ್ತಿದ್ದ.

"ಬಾ ಮಾರಾಯ. ಕೂತುಕೊಳ್ಳಲಿಕ್ಕೆ ಜಾಗ ಇಲ್ಲ. ಯಾವಾಗಲೂ ಇರಲಿಲ್ಲ ಬಿಡು."

"ನನಗೊಂದು ಮಾತು ಹೇಳಕ್ಕಾಗ್ಲಿಲ್ವೇನೋ? ನಾಲ್ಕು ವರ್ಷ, ನೆಲ್ಸನ್! ನಾಲ್ಕು ವರ್ಷ ಒಟ್ಟಿಗೆ ಆಡಿದೀವಿ. ಟೇಬಲ್ ನೋಡಿ ತಿಳ್ಕೋಬೇಕಾ ನಾನು?"

"ಹೇಗೆ ಹೇಳುದು? ನಿನ್ನ ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ. ಹತ್ತನೇ ತಾರೀಕಿಗೆ ಇಲ್ಲಿಂದ ಹೊರಗೆ ಹೋಗಬೇಕು. ನಾಲ್ಕು ತಿಂಗಳು ಹುಡುಕಿದ್ದು. ಇಪ್ಪತ್ತಾರು ಮನೆ ನೋಡಿದೆವು."

"ಅದಕ್ಕೇ ಮಾರ್ಕೊಂಡ್ಯಾ ನಿನ್ನ?"

ಅವನು ಇನ್ನೊಂದು ಪೆಟ್ಟಿಗೆ ಎಳೆದುಕೊಂಡ. ಕೋಣೆಯಿಂದ ಅವನ ಹೆಂಡತಿ ಶೆರಿನ್ ಹೊರಗೆ ಬಂದಳು. ಕೈಯಲ್ಲಿ ಮಡಚಿದ ಬಟ್ಟೆ. ದನಿ ಏರಿಸಲಿಲ್ಲ.

"ಹರ್ಷಣ್ಣ, ನೆಲ್ಸನ್‌ನ ಎರಡು ಸ್ಟಿಕ್ ನಿಮ್ಮಲ್ಲಿ ಉಂಟಲ್ಲ, ಮೇಲಿನ ಆ ಕೋಣೆಯಲ್ಲಿ. ಅದೊಂದು ಕೊಟ್ಟುಬಿಡಿ."

"ಯಾವ ಕೋಣೆ?" ಎಂದುಬಿಟ್ಟೆ.

"ಮಾರ್ಚಿನಲ್ಲಿ ನಾವು ಕೇಳಿದ್ದು. ಎರಡು ತಿಂಗಳಿಗೆ ಸಾಕು ಅಂತ. ಅದು ಖಾಲಿ ಇಲ್ಲ, ಟೀಮಿನ ಸಾಮಾನು ಉಂಟು ಅಂದ್ರಿ ನೀವು. ಮತ್ತೆ, ಶನಿವಾರ ಪ್ರಾಕ್ಟೀಸು ಹತ್ತು ಗಂಟೆಗೆ, ತಡ ಮಾಡಬೇಡ ಅಂದ್ರಿ."

ನೆಲ್ಸನ್ ಟೇಪನ್ನು ಹಲ್ಲಿನಿಂದ ಕತ್ತರಿಸಿದ. ಅಂದಿದ್ದೆ. ಪಟ್ಟಿಯ ಮೊದಲ ಸ್ಥಾನದಲ್ಲಿರುವ ಕ್ಯಾಪ್ಟನ್ನಿನ ದನಿಯಲ್ಲಿ ಅಂದಿದ್ದೆ. ಆ ದನಿಯನ್ನು ಅನುಕರಿಸಲು ನನಗೆ ಕಷ್ಟವೇ ಆಗಲಿಲ್ಲ.

ಮನೆಗೆ ಬಂದು ಮೇಲಿನ ಕೋಣೆ ತೆರೆದೆ. ಹದಿನೆಂಟು ಸ್ಟಿಕ್, ಒಣಗದೆ ನಾರುತ್ತಿದ್ದ ಗೋಲ್‌ಕೀಪರನ ಎರಡು ಜೊತೆ ಪ್ಯಾಡು, ಒಂದು ಮೂಟೆ ಚೆಂಡು, ನಾವು ಇನ್ನೂ ಗೆಲ್ಲದ ಕಪ್ಪಿಗಾಗಿ ತಂದಿಟ್ಟ ಗಾಜಿನ ಪೆಟ್ಟಿಗೆ. ಕಿಟಕಿಯ ಕೆಳಗೆ ಒಂದು ಮಂಚ. ಅದರ ಮೇಲೆ ಪ್ಯಾಡುಗಳು ಆರಾಮವಾಗಿ ಮಲಗಿದ್ದವು. ಮನೆ ತಪ್ಪಿದವನನ್ನು ಸ್ವತಂತ್ರ ಎಂದು ನಿಯಮದಲ್ಲಿ ಬರೆದವನು ನಾನು. ಬರೆಯಬೇಕಾಗಿದ್ದ ಪದ ಅತಂತ್ರ.

"ಏನ್ರೀ, ಪ್ಯಾಡ್‌ಗಳ ಬಾಡಿಗೆ ಬಂತಾ ಈ ತಿಂಗಳು?" ವಂದನಾ ಬಾಗಿಲಲ್ಲಿ ನಿಂತು ಕೇಳಿದಳು. "ಮಾರ್ಚ್‌ನಲ್ಲೇ ಬಡ್ಕೊಂಡೆ, ಇದನ್ನೆಲ್ಲ ಶೆಡ್‌ಗೆ ಹಾಕಿ ಅಂತ."

"ಶೆಡ್ ಸೋರತ್ತೆ."

"ಸೋರ್ಲಿ. ಪ್ಯಾಡ್‌ಗೆ ನೆಗಡಿ ಆಗ್ತಿತ್ತಾ?"

ಮಧ್ಯಾಹ್ನವೆಲ್ಲ ಹೊತ್ತು ಹೊತ್ತು ಶೆಡ್ಡಿಗೆ ಹಾಕಿದೆ. ಸಂಜೆ ನೆಲ್ಸನ್‌ಗೆ ಫೋನ್ ಮಾಡಿ, ಕೋಣೆ ಖಾಲಿಯಾಗಿದೆ, ಬಾಡಿಗೆಯೂ ಬೇಡ, ಬಾ ಎಂದೆ.

"ಥ್ಯಾಂಕ್ಸ್ ಮಾರಾಯ. ಆದರೆ ಅಲ್ಲಿ ಬಾಗಿಲಿಗೆ ನಮ್ಮದೇ ಬೀಗ ಉಂಟು. ಶೆರಿನ್ ಪರದೆಯ ಅಳತೆ ಕೂಡ ತೆಗೆದಾಯ್ತು."

ಮುಂದಿನ ಶನಿವಾರ ಅವರ ಪೆಟ್ಟಿಗೆಗಳನ್ನು ಕ್ಯಾಸಲ್‌ನಾಕ್‌ಗೆ ಸಾಗಿಸಿದವನು ನಾನೇ. ಏಳು ಸೀಟಿನ ಗಾಡಿ ಇದ್ದದ್ದು ನನ್ನೊಬ್ಬನಲ್ಲಿ. ತಂಡದ ಸಾಮಾನು ಹೊರಲೆಂದೇ ಕೊಂಡದ್ದು. ಹೊಸ ಮನೆಯ ಮುಂದೆ ಗುರುದತ್ ಹಸಿರು ಜೆರ್ಸಿ ಹಿಡಿದುಕೊಂಡು ಕಾಯುತ್ತಿದ್ದ. ಲೀಗಿನ ಗುಂಪಿಗೆ ಹಾಕಲು ಫೋಟೋ ಬೇಕಂತೆ. ಫೋನು ನನ್ನ ಕೈಗೇ ಕೊಟ್ಟ! ಕದ್ದವನಿಗೆ, ಕಳೆದುಕೊಂಡವನೇ ಫೋಟೋಗ್ರಾಫರ್.

"ನೆಲ್ಸನ್, ಜೆರ್ಸಿ ಮೇಲೆತ್ತು! ಗ್ರ್ಯಾಂಡ್! ಇನ್ನೂ ಮೇಲೆ!"

ನೆಲ್ಸನ್ ಎತ್ತಿದ್ದು ಬೀಗದಕೈ. ಪಕ್ಕದಲ್ಲಿ ಶೆರಿನ್ ನಗುತ್ತಿದ್ದಳು. ಜೆರ್ಸಿ ಅವನ ತೋಳಿನಿಂದ ಜಾರಿ ಮೆಟ್ಟಿಲ ಮೇಲೆ ಬಿದ್ದಿತ್ತು.

"ಏಯ್, ಜೆರ್ಸಿ ಬರ್ಲಿಲ್ಲ, ಇನ್ನೊಂದು ತೆಗಿ," ಎಂದ ಗುರುದತ್.

ನಾನು ಇನ್ನೊಂದು ತೆಗೆಯಲಿಲ್ಲ.

ವಾಪಸು ಬರುವಾಗ ಪೆಟ್ರೋಲ್ ಬಂಕಿನಲ್ಲಿ ಚಹಾ ಕುಡಿಯುತ್ತಿದ್ದಾಗ ಅನಂತಕೃಷ್ಣ ಫೋನ್ ಮಾಡಿದರು.

"ಶ್ರೀಹರ್ಷ. ನಿಮ್ಮನೇಲಿ, ಒಂದು ಕೋಣೆ, ಖಾಲಿ ಆಯ್ತಂತೆ. ವಂದನಾ ಹೇಳಿದ್ಳು. ಹೊಸ ಆಟಗಾರರನ್ನ ಕರೆಸೋ ಸಾಮರ್ಥ್ಯ ಅಂತ ಎಂಟು ಅಂಕ ಕೊಟ್ಟಿದೀನಿ. ನೀವೀಗ ನಾಲ್ಕನೇ ಸ್ಥಾನ."

ಆಟವಾಡದೆ ಇಳಿದದ್ದಾಯಿತು, ಈಗ ಆಟವಾಡದೆ ಏರಿದ್ದೂ ಆಯಿತು! ಮಂಚಕ್ಕೂ ಕಿಟಕಿಗೂ ಅಂಕ ಕೊಡುವ ಈ ಮನುಷ್ಯನನ್ನು ಏನೆಂದು ಬೈಯಬೇಕೆಂದು ಬಾಯಿ ತೆರೆದೆ. ಅವರ ದನಿ ನಾಲಗೆಯ ಮೇಲೆ ಸಿದ್ಧವಾಗಿಯೇ ಇತ್ತು. ಆದರೆ ಹೊರಟದ್ದು ನನ್ನದೇ ದನಿ.

"ಸರ್, ಮಾರ್ಚ್‌ನಲ್ಲೇ ಖಾಲಿ ಮಾಡಿದ್ದಿದ್ರೆ?"

ಅತ್ತ ಕೀಬೋರ್ಡ್ ಕಟಕಟ ಎಂದಿತು.

"ನೆಲ್ಸನ್ ಉಳೀತಿದ್ದ. ನಲವತ್ತು ಅಂಕ ಉಳೀತಿತ್ತು." ಮತ್ತೆ ಕಟಕಟ. "ಮೊದಲನೇ ಸ್ಥಾನ, ಶ್ರೀಹರ್ಷ."