ಎರಡು ತೂತಿನ ಡಬ್ಬ

ಮೈಸೂರಿನಲ್ಲಿ ತಮ್ಮ ಉಮಾಶಂಕರ ತೀರಿಕೊಂಡ ಸುದ್ದಿ ಕಡಲಾಚೆಯ ಪಂಗಾನಿಯಲ್ಲಿದ್ದ ಅಣ್ಣ ದ್ವಾರಕಾನಾಥರ ಮನೆಗೆ ಬಂದದ್ದು ಮಂಗಳವಾರ ಬೆಳಗ್ಗೆ ಆರು ಗಂಟೆಗೆ. ಫೋನು ಮಾಡಿದವನು ತಮ್ಮನ ಮಗ ಚಿರಂತನ್.

"ದೊಡ್ಡಪ್ಪ, ಅಪ್ಪ ಹೋಗ್ಬಿಟ್ರು. ನಿದ್ದೇಲೇ. ನಿಮ್ಮ ಟೈಮ್ ಒಂಬತ್ತಕ್ಕೆ ಮನೆಯಿಂದ ಎತ್ತುತಾರೆ. ಅದಕ್ಕೆ ಮುಂಚೆ ವಿಡಿಯೋದಲ್ಲಿ ಮುಖ ತೋರಿಸ್ತೀನಿ, ನೋಡ್ಕೊಂಬಿಡಿ."

ದ್ವಾರಕಾನಾಥರು "ಹೂಂ" ಎನ್ನುವಷ್ಟರಲ್ಲಿ ಫೋನಿನ ಚಾರ್ಜು ಮುಗಿದುಹೋಯಿತು. ಹಿಂದಿನ ಮಧ್ಯಾಹ್ನದಿಂದ ಬೀದಿಗೆ ಕರೆಂಟಿರಲಿಲ್ಲ. ಹೆಂಡತಿ ಲೀಲಾ ಅವರ ಫೋನು ರಾತ್ರಿಯೇ ಆರಿತ್ತು. ಮಗ ವೈಭವ್ ಆಫೀಸಿನ ಕೆಲಸಕ್ಕೆಂದು ಕಾರು ತೆಗೆದುಕೊಂಡು ಮೊಂಬಾಸಕ್ಕೆ ಹೋಗಿದ್ದ.

ಸಾವಿನ ಸುದ್ದಿ ಕೇಳಿದವರು ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹಾಕಿಕೊಳ್ಳಬೇಕು. ಎಪ್ಪತ್ತಾರರ ದ್ವಾರಕಾನಾಥರು ಬಚ್ಚಲಿಗೆ ಹೋಗಿ, ಉಳಿದಿದ್ದ ಒಂದೇ ಬಕೆಟ್ ತಣ್ಣೀರನ್ನು ಸುರಿದುಕೊಂಡು, ಬೇರೆ ಪಂಚೆ ಉಟ್ಟು ಬಂದು ಕುಳಿತರು. ಪಂಪು ಓಡದೆ ತೊಟ್ಟಿಗೂ ನೀರು ಏರಿರಲಿಲ್ಲ. ಲೀಲಾ ಗೋಡೆಯ ಮೇಲಿನ ಉಮಾಶಂಕರನ ಹಳೆಯ ಫೋಟೋ ಇಳಿಸಿ, ಅದರ ಮುಂದೆ ಎಣ್ಣೆ ದೀಪ ಹಚ್ಚಿದರು.

"ರೀ, ಜನರೇಟರ್ ಹಾಕಬಾರದೆ? ಫೋನಾದ್ರೂ ಚಾರ್ಜ್ ಆಗುತ್ತೆ."

"ಎಂಟಕ್ಕೆ ಕರೆಂಟು ಬರತ್ತಂತೆ. ನೋಡೋಣ."

ಅದು ನೆಪ. ನಿಜವಾದ ಕಾರಣ ಹಿತ್ತಲ ಮೂಲೆಯಲ್ಲಿ ಕುಳಿತಿತ್ತು, ಪೆಟ್ರೋಲು ತುಂಬಿದ ಕೆಂಪು ಬಣ್ಣದ ಹೊಸ ಪ್ಲಾಸ್ಟಿಕ್ ಕ್ಯಾನು. ಮೂವತ್ತು ವರ್ಷ ಮನೆಯಲ್ಲಿದ್ದ ಕಬ್ಬಿಣದ ಡಬ್ಬವನ್ನು ವೈಭವ್ ಎರಡು ತಿಂಗಳ ಹಿಂದೆ ಗುಜರಿಗೆ ಹಾಕಿ ಇದನ್ನು ತಂದಿದ್ದ. "ಅಪ್ಪಾ, ಅದು ಡೇಂಜರಸ್. ಇದು ಸೇಫ್ಟಿ ಕ್ಯಾನ್, ಲೀಕ್ ಆಗೋದೇ ಇಲ್ಲ" ಎಂದಿದ್ದ. ಲೀಕೇನೋ ಆಗುತ್ತಿರಲಿಲ್ಲ. ಆದರೆ ಹೊಯ್ಯಲು ಹೋದಾಗಲೆಲ್ಲ ಚೆಲ್ಲುತ್ತಿತ್ತು. ಎರಡು ಸಲ ಚೆಲ್ಲಿದ ಮೇಲೆ ದ್ವಾರಕಾನಾಥರು ಅದನ್ನು ಮುಟ್ಟಲು ಹೆದರುತ್ತಿದ್ದರು. ಹೆದರಿಕೆಯನ್ನು ಮಗನ ಮುಂದೆ ಹೇಳಿಕೊಂಡಿರಲಿಲ್ಲ.

ಎಂಟು ಹೊಡೆಯಿತು. ಕರೆಂಟು ಬರಲಿಲ್ಲ. ಎಂಟೂಕಾಲಿಗೆ ಅವರು ಎದ್ದರು.

ಕ್ಯಾನಿನ ಮೂತಿಗೆ ಒಂದು ಸ್ಪ್ರಿಂಗು. ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ತುಂಬಿದ ಕ್ಯಾನನ್ನು ಎತ್ತಿ ಬಗ್ಗಿಸಬೇಕು. ಒತ್ತಿದರು. ಏನೂ ಬರಲಿಲ್ಲ. ಇನ್ನಷ್ಟು ಒತ್ತಿದರು. ಕ್ಯಾನು ಗೊಳಕ್ಕೆಂದು ಒಂದು ಬಾಯಿ ಕಕ್ಕಿತು, ನಿಂತಿತು, ಮತ್ತೆ ಕಕ್ಕಿತು. ಮೂತಿ ಜಾರಿತು. ಪೆಟ್ರೋಲು ಜನರೇಟರಿನ ಮೇಲೆ, ನೆಲದ ಮೇಲೆ, ಉಟ್ಟಿದ್ದ ಪಂಚೆಯ ಮೇಲೆಲ್ಲ ಹರಿಯಿತು.

ಒಳಗೆ ಓಡಿಬಂದವರನ್ನು ಲೀಲಾ ಬಾಗಿಲಲ್ಲೇ ತಡೆದರು. "ಅಯ್ಯೋ, ಅಲ್ಲೇ ನಿಲ್ರೀ! ದೀಪದ ಹತ್ರ ಬರಬೇಡಿ!"

ತಮ್ಮನ ದೀಪದ ಹತ್ತಿರ ಹೋಗುವ ಹಾಗಿಲ್ಲ, ಮೈ ತೊಳೆಯಲು ಒಂದು ಚೊಂಬು ನೀರಿಲ್ಲ. ದ್ವಾರಕಾನಾಥರು ಹಿತ್ತಲ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಲೀಲಾ ಪಕ್ಕದ ಮನೆಯ ಆಲ್ಫ್ರೆಡರನ್ನು ಕರೆದರು. ಮಂಗಳೂರಿನವರು. ತಾಂತ್ರಿಕ ಶಾಲೆಯಲ್ಲಿ ಮೋಟಾರು ಕೆಲಸ ಕಲಿಸಿ ನಿವೃತ್ತರಾದವರು. ತಮ್ಮ ಹಳೆಯ ತಗಡಿನ ಡಬ್ಬವನ್ನು ಹಿಡಿದೇ ಬಂದರು.

"ಲೀಲಕ್ಕ ಹೇಳಿದ್ರು, ಮಾಸ್ಟ್ರೇ. ಬೇಜಾರಾಯ್ತು." ದ್ವಾರಕಾನಾಥರು ಮೆಟ್ಟಿಲಿನಿಂದ ಎದ್ದರು.

"ಆಲ್ಫ್ರೆಡ್ರೇ, ನಿಮ್ಮ ಫೋನಿನಲ್ಲಿ ವಿಡಿಯೋ ಬರತ್ತಾ?"

"ನನ್ನದು ಗುಂಡಿ ಒತ್ತುವ ಫೋನು ಮಾರಾಯ್ರೆ. ಮಗಳು ಲವೀನಾ ಊರಿಂದ ಫೋನ್ ಮಾಡಿ ಅದಕ್ಕೇ ದಿನಾ ನಗಾಡುದು."

"ಹಾಗಾದ್ರೆ ಬೇಗ ಸ್ಟಾರ್ಟ್ ಮಾಡಿ. ಒಂಬತ್ತಕ್ಕೆ ಎತ್ತುತಾರೆ."

"ಹೀಗೆ ಒದ್ದೆ ಇರುವಾಗ ಸ್ಟಾರ್ಟ್ ಮಾಡಿದ್ರೆ ತಮ್ಮನ ಹಿಂದೆಯೇ ಹೋಗ್ತೀರಿ ನೀವು." ಆಡಿದ ಮೇಲೆ ಅವರಿಗೇ ಕಸಿವಿಸಿಯಾಯಿತು. "ಕ್ಷಮಿಸಿ. ಬಾಯಿ ತಪ್ಪಿತು. ಆದ್ರೆ ಒಣಗದೆ ಆಗುದಿಲ್ಲ."

ಇಬ್ಬರು ಮುದುಕರೂ ಸೇರಿ ಬಟ್ಟೆಯಿಂದ ಒರೆಸಿದರು, ನೆಲಕ್ಕೆ ಮಣ್ಣು ಹರಡಿದರು. ಆಮೇಲೆ ಕಾದರು. ಕಾಯುವುದೊಂದೇ ಉಳಿದಿತ್ತು. ಆಲ್ಫ್ರೆಡರು ಹೊಸ ಕ್ಯಾನನ್ನು ಕಾಲಿನಿಂದ ದೂರ ತಳ್ಳಿದರು.

"ಇದನ್ನು ಮಾಡಿದವ ಒಂದು ದಿನವಾದ್ರೂ ಪೆಟ್ರೋಲ್ ಹೊಯ್ದಿದ್ದಾನಾ? ಮೂರು ಕೈ ಬೇಕು ಇದಕ್ಕೆ. ಒಂದು ಹಿಡೀಲಿಕ್ಕೆ, ಒಂದು ಒತ್ಲಿಕ್ಕೆ, ಒಂದು ಒರಸ್ಲಿಕ್ಕೆ."

ದ್ವಾರಕಾನಾಥರು ನಗಲಿಲ್ಲ. ಮೂವತ್ತೊಂದು ವರ್ಷ ಇದೇ ಊರಿನ ಮಕ್ಕಳಿಗೆ ಹಾಲುಪುಡಿಯ ಡಬ್ಬ ತೋರಿಸಿ ಪಾಠ ಹೇಳಿದವರು ಅವರು. ಒಂದೇ ತೂತು ಹೊಡೆದರೆ ನೀರು ತಡೆತಡೆದು ಬೀಳುತ್ತದೆ. ಎದುರಿಗೆ ಇನ್ನೊಂದು ತೂತು ಹೊಡೆಯಿರಿ, ಗಾಳಿ ಒಳಗೆ ಹೋಗುತ್ತದೆ, ನೀರು ತಾನಾಗಿ ಇಳಿಯುತ್ತದೆ. ಹತ್ತು ವರ್ಷದ ಮಕ್ಕಳಿಗೂ ಅರ್ಥವಾಗುತ್ತಿದ್ದ ಮಾತು.

ಒಂಬತ್ತು ದಾಟಿತು, ಒಂಬತ್ತೂವರೆಯೂ ಆಯಿತು. ಮೂಗು ಹತ್ತಿರ ತಂದು ಪರೀಕ್ಷಿಸಿದ ಮೇಲೆ ಆಲ್ಫ್ರೆಡರು ತಗಡಿನ ಡಬ್ಬದ ಹಿಂಬದಿಯ ಗಾಳಿಬಿರಡೆ ಸಡಿಲಿಸಿ, ಉದ್ದನೆಯ ಮೂತಿಯನ್ನು ಟ್ಯಾಂಕಿಗಿಟ್ಟು ಬಗ್ಗಿಸಿದರು. ಪೆಟ್ರೋಲು ದಾರ ಬಿಟ್ಟ ಹಾಗೆ ಸದ್ದಿಲ್ಲದೆ ಇಳಿಯಿತು. ಒಂದು ಹನಿ ಹೊರಗೆ ಬೀಳಲಿಲ್ಲ. ಹಗ್ಗದ ಎರಡನೆಯ ಎಳೆತಕ್ಕೆ ಜನರೇಟರ್ ಚಾಲೂ ಆಯಿತು.

ಸತ್ತ ಫೋನು ಏಳಲು ಇನ್ನೂ ಹತ್ತು ನಿಮಿಷ ತೆಗೆದುಕೊಂಡಿತು. ತೆರೆ ಬೆಳಗಿದಾಗ ಚಿರಂತನನ ಹನ್ನೊಂದು ಕರೆಗಳು ತಪ್ಪಿಹೋಗಿದ್ದವು. ಅವರೇ ತಿರುಗಿ ವಿಡಿಯೋ ಕರೆ ಮಾಡಿದರು.

"ದೊಡ್ಡಪ್ಪ, ಎಷ್ಟು ಸಲ ಮಾಡಿದೆ!" ಹುಡುಗನ ದನಿ ಒಡೆದಿತ್ತು. "ಹತ್ತು ನಿಮಿಷ ಎಲ್ಲರನ್ನೂ ನಿಲ್ಲಿಸಿದ್ದೆ. ಪುರೋಹಿತರು ಬೈದ್ರು. ಈಗ ತಾನೇ... ಈಗ ತಾನೇ ಚಿತಾಗಾರದ ಒಳಗೆ ಕಳಿಸಿ ಬಾಗಿಲು ಹಾಕಿದ್ರು." ತೆರೆಯ ಮೇಲೆ ಮುಚ್ಚಿದ ಉಕ್ಕಿನ ಬಾಗಿಲೊಂದೇ ಕಾಣುತ್ತಿತ್ತು.

"ಆಗಲಪ್ಪ. ನಿನ್ನ ಕೆಲಸ ನೀನು ಮಾಡಿದೆ. ಅಮ್ಮನ್ನ ನೋಡ್ಕೋ" ಎಂದು ಅವರು ಫೋನು ಕೆಳಗಿಟ್ಟರು.

"ವೈಭವ್‌ಗೆ ಏನೂ ಅನ್ನಬೇಡಿ" ಎಂದರು ಲೀಲಾ ಮೆಲ್ಲಗೆ.

"ಅವನನ್ನ ಏನನ್ನಲಿ? ಆರು ಗಂಟೆಗೇ ಆಲ್ಫ್ರೆಡ್ರನ್ನ ಕರೀಬೇಕಿತ್ತು ನಾನು. ಒಂದು ಡಬ್ಬಕ್ಕೆ ಹೆದರಿ ಎರಡು ಗಂಟೆ ಕೂತೆ ಕಣೇ. ಹೇಳಿಕೊಳ್ಳಲು ನಾಚಿಕೆ."

ಆಲ್ಫ್ರೆಡರು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ತಗಡಿನ ಡಬ್ಬವನ್ನು ಅಲ್ಲೇ ಬಿಟ್ಟು ಹೊರಟರು.

ತೊಟ್ಟಿಗೆ ನೀರೇರಿತು. ದ್ವಾರಕಾನಾಥರು ಎರಡನೆಯ ಸಲ ಸ್ನಾನ ಮಾಡಿದರು. ಮೂರು ಸಲ ಸೋಪು ತಿಕ್ಕಿದರೂ ಬೆರಳುಗಳ ವಾಸನೆ ಹೋಗಲಿಲ್ಲ. ದಕ್ಷಿಣಕ್ಕೆ ಮುಖ ಮಾಡಿ ಕುಳಿತು, ಕೈಮುಗಿದು, ಬಲು ದಣಿದ ದನಿಯಲ್ಲಿ ಬೇಡಿದರು:

"ದೇವರೇ, ನನ್ನ ತಮ್ಮ ನಿನ್ನ ಕಡೆಗೆ ಹೊರಟಿದ್ದಾನೆ. ಯಾರಿಗೂ ಹೊರೆಯಾಗದೆ ಬಾಳಿದವನು. ಅಣ್ಣ ಬರಲಿಲ್ಲವೆಂದು ಅವನು ಹಿಂದಿರುಗಿ ನೋಡದಿರಲಿ. ದಾರಿಯಲ್ಲಿ ಬಾಯಾರಿದರೆ ನೀರು ಕೊಡು, ನಿನ್ನ ಪಾದದ ಬಳಿ ಜಾಗ ಕೊಡು. ಅವನ ಜೀವಕ್ಕೆ ಶಾಂತಿ ಸಿಗಲಿ."