ಮುನ್ನಿಯ ಒಂದು ಕೆನ್ನೆ

ಸಿಕಂದರ್ ನಡೆಯುವುದೇ ಓರೆಯಾಗಿ. ತನ್ನ ಮೈಯ ನೆರಳು ಎದುರಿನವರ ಮುಖದ ಮೇಲೆ ಬೀಳಬಾರದೆಂಬ ಎಚ್ಚರದಲ್ಲಿ ಹೆಗಲು ಮುಂದೆ ಮಾಡಿ ಗೋಡೆ ಸವರಿಕೊಂಡು ಹೋಗುವ ಆ ನಡಿಗೆ, ಗುಲ್ಬರ್ಗದ ಮದುವೆ ಮಂಟಪಗಳಲ್ಲಿ ವೀಡಿಯೊ ತೆಗೆಯುತ್ತ ಕಲಿತದ್ದು. ಯಾರ ಮನೆಗೆ ಹೋದರೂ ತಾನು ಕೂಡುವ ಮೊದಲು ಅವರ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ, "ಹಾಂ, ಈಗ ಮಾತಾಡ್ರಿ," ಎನ್ನುತ್ತಿದ್ದ. ಬೇಸಿಗೆಯಲ್ಲೂ ಬಿಚ್ಚದ ಖಾಕಿ ಜಾಕೀಟಿನ ಕಿಸೆಗಳಲ್ಲಿ ವಾಯರಿನ ತುಂಡು, ದೀಪದ ಮುಂದೆ ಹಿಡಿಯುವ ಬಣ್ಣದ ಜಿಲೇಟಿನ್ ಹಾಳೆ, ಮಗಳಿಗೆಂದು ತಂದು ಕೊಡಲು ಮರೆತ ಪೆಪ್ಪರ್‌ಮಿಂಟು. ಒಗೆಯುವ ಮೊದಲು ಅದನ್ನು ಜಾಲಾಡುವುದೇ ಹೆಂಡತಿ ಸಕೀನಾಳಿಗೊಂದು ಕೆಲಸ.

ಎರಡು ಸಾವಿರದ ಐದನೇ ಇಸವಿಯ ಸುಮಾರಿಗೆ ಅವನು ಕ್ಯಾಮೆರಾ ಮಾರಿ ಕಂಪ್ಯೂಟರ್ ಕೊಂಡ. ಜೇವರ್ಗಿ ಕಾಲೋನಿಯ ಒಂಟಿ ಕೋಣೆಯಲ್ಲಿ ಕೂತು, ತೆರೆಯ ಮೇಲೆ ಗೊಂಬೆಚಿತ್ರ ಮಾಡುತ್ತ, ಇಲ್ಲದ ಗೋಡೆಗಳ ನಡುವೆ ಇಲ್ಲದ ದೀಪ ಹಚ್ಚುವ ಕಸುಬು. ಮೊದಲ ಕೆಲಸ ಕಮಲಾಪುರದ ಪುತಳಾಬಾಯಿಯವರದು: ಬಾಳೆತೋಟಕ್ಕೆ ದುಡಿಯಲು ಹೋಗುವ ತಾಯಂದಿರ ಮಕ್ಕಳಿಗೊಂದು ಶಿಶುವಿಹಾರ ಬೇಕೆಂದು ಊರವರ ಮನವೊಲಿಸುವ ಪುಟ್ಟ ಚಿತ್ರ. ಅದರಲ್ಲಿ ಮುನ್ನಿ ಎಂಬ ಗೊಂಬೆಹುಡುಗಿ ಸಂಜೆ ಮನೆಯಲ್ಲಿ ಒಬ್ಬಳೇ ಅಮ್ಮನ ದಾರಿ ಕಾಯುತ್ತಾಳೆ. ಚಿತ್ರ ಒಪ್ಪಿಗೆಯಾಗದಿದ್ದರೆ ಕಂಪ್ಯೂಟರ್ ಮಾರಿ ಮತ್ತೆ ಮಂಟಪ ಹತ್ತುವುದೇ ಗತಿ.

ನೋಡಲು ಬಂದ ಪುತಳಾಬಾಯಿ ಕನ್ನಡಕ ಏರಿಸಿದರು. "ಏನಪಾ ಸಿಕಂದರ್, ಈಕಿ ಮನ್ಯಾಗ ಅಂಜಿ ಕುಂತಾಳೋ, ಲಗ್ನದ ಸ್ಟೇಜಿನ ಮ್ಯಾಲ ಕುಂತಾಳೋ? ಆಯೇರಿ-ಮುಯ್ಯಿ ಕೊಡಬೇಕನಸಾಕತ್ತದ!"

ಹುಡುಗಿಯ ಎರಡೂ ಕೆನ್ನೆ ಫಳಫಳ. ಮದುಮಗಳ ಮುಖದ ಮೇಲೆ ನೆರಳು ಬಿದ್ದರೆ ಅಪಶಕುನವೆಂದು ಬೀಗರು ಕ್ಯಾಸೆಟ್ಟನ್ನೇ ಹಿಂದಕ್ಕೆ ಕೊಡುತ್ತಿದ್ದರು. ಆ ಭಯ ಇನ್ನೂ ಅವನ ಬೆರಳುಗಳಲ್ಲಿ ಕೂತಿತ್ತು.

ಸಿಕಂದರ್ ಎದ್ದ, ಕೂತ, ಮತ್ತೆ ಎದ್ದ. ಕಡೆಗೆ ಮೌಸ್ ಹಿಡಿದು ತೆರೆಯ ಮೇಲಿನ ಎದುರು ದೀಪ ಆರಿಸಿದ. ಪಕ್ಕದ್ದನ್ನೂ ತೆಗೆದ. ಬಾಗಿಲ ಸಂದಿಯಿಂದ ಬರುವ ಇಳಿಹೊತ್ತಿನ ತಾಮ್ರವರ್ಣದ ಒಂದೇ ಕಿರಣ ಉಳಿಸಿ, ಕೂದಲು ಗೋಡೆಯಲ್ಲಿ ಕರಗಿಹೋಗದಂತೆ ಹಿಂದೊಂದು ಮಸುಕು ನೀಲಿ ಬೆಳಕು ಇಟ್ಟ. ಮುನ್ನಿಯ ಒಂದು ಕೆನ್ನೆ ಕತ್ತಲೆಗೆ ಸೇರಿತು. ಕಣ್ಣಿನಲ್ಲಿ ಸಾಸಿವೆಯಷ್ಟು ಹೊಳಪು ಮಾತ್ರ ನಿಂತಿತು.

"ಯವ್ವಾ... ಇದರ ಅವ್ವ ಎಲ್ಲಿ ಹಾಳಾಗಿ ಹೋಗ್ಯಾಳ ಇಷ್ಟೊತ್ತನಕ?" ಪುತಳಾಬಾಯಿ ಸಿಟ್ಟಿಗೆದ್ದರು. ಆಮೇಲೆ ಸೆರಗಿನಿಂದ ಮೂಗು ಒರೆಸಿ, "ಇದ ಇರ್ಲಿ," ಎಂದರು.

ಒಪ್ಪಿಗೆ ಸಿಕ್ಕಿತೆಂದು ತಿಳಿದರೂ ಸಿಕಂದರನ ಕೈ ಮೌಸಿನತ್ತಲೇ ಹೋಯಿತು. "ಜರಾ ಒಂದಿಷ್ಟು ಬೆಳಕು ಕೊಡ್ತೇನಿ. ಕೂಸು ಅಂಜತದ."

ಪಕ್ಕದಲ್ಲಿ ಕೂತಿದ್ದ ಸಕೀನಾ ಮೌಸನ್ನೇ ಎತ್ತಿ ಮಡಿಲಲ್ಲಿಟ್ಟುಕೊಂಡಳು. "ಅಂಜಲಿ ಬಿಡ್ರೀ. ನೀವೇ ಕೂಸಿನ ಎತ್ತಿಕೊಂಡ್ರ ಊರವರು ಎತ್ತಿಕೊಳ್ಳಾಕ ಯಾಕ ಏಳ್ತಾರ?"

ಅವನು ತೆರೆಗೆ ಬೆನ್ನು ಮಾಡಿ, ಬಾಗಿಲಲ್ಲಿ ಬೀದಿ ನೋಡುತ್ತ ನಿಂತ. ಕಂಡವರ ಮುಖದ ನೆರಳನ್ನೆಲ್ಲ ಒರೆಸುತ್ತ ಬದುಕಿದ ಇಂಥ ಜೀವಗಳಿಗೆ ದೀಪ ಹಚ್ಚುವುದು ಸಲೀಸು, ಹಚ್ಚದೆ ತಾಳಿಕೊಳ್ಳುವುದೇ ತಪಸ್ಸು. ಉಸಿರಾಡದ ಗೊಂಬೆಯನ್ನೇ ಆದರೂ ಕತ್ತಲಲ್ಲಿ ಬಿಟ್ಟುಬರುವಾಗ ಅವರು ಹಿಂತಿರುಗಿ ನೋಡಲಾರರು.